ಕೆಚ್ಚಲು ಬಾವು: ಹಾಲು ಕರೆಯುವ ಹೊತ್ತಿನಲ್ಲೇ ತಡೆಯುವುದು ಹೇಗೆ?

ಡೈರಿಯಲ್ಲಿ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಶೇ. 8.5 ಮುಟ್ಟದೆ ದರ ಇಳಿದಾಗ ಎಲ್ಲರಿಗೂ ಮೊದಲು ಅನುಮಾನ ಬರುವುದು ಹಿಂಡಿಯ ಮೇಲೆ, ಆಮೇಲೆ ಹುಲ್ಲಿನ ಮೇಲೆ. ಕೆಚ್ಚಲಿನ ಮೇಲೆ ಬರುವುದೇ ಇಲ್ಲ. ಕೆಚ್ಚಲು ಊದಿಲ್ಲ, ಮುಟ್ಟಿದರೆ ಹಸು ಒದೆಯುತ್ತಿಲ್ಲ, ಹಾಲೂ ಬೆಳ್ಳಗೇ ಇದೆ ಎಂದು ಸುಮ್ಮನಾಗುತ್ತೇವೆ. ಆದರೆ ಕೆಚ್ಚಲು ಬಾವಿನ ಸೋಂಕಿರುವ ಹಸುಗಳಲ್ಲಿ ಹೆಚ್ಚಿನವು ಹೊರಗೆ ಏನನ್ನೂ ತೋರಿಸುವುದಿಲ್ಲ. ಒಳಗೆ ಮಾತ್ರ ಹಾಲು ತಯಾರಿಸುವ ಜೀವಕೋಶಗಳು ಹಾಳಾಗುತ್ತಿರುತ್ತವೆ. ಲ್ಯಾಕ್ಟೋಸ್ ಕಡಿಮೆಯಾಗುತ್ತದೆ, ರಕ್ತದಲ್ಲಿನ ಉಪ್ಪಿನಂಶ ಹಾಲಿಗೆ ಸೋರುತ್ತದೆ, ದಿನಕ್ಕೆ ಅರ್ಧ ಲೀಟರೋ ಒಂದು ಲೀಟರೋ ಗೊತ್ತಾಗದಂತೆ ಖೋತಾ ಆಗುತ್ತಾ ಹೋಗುತ್ತದೆ. ಒಂದು ದಿನ ಹಾಲಿನಲ್ಲಿ ಗರಣೆ ಕಾಣಿಸಿಕೊಂಡಾಗ ‘ನಿನ್ನೆ ಚೆನ್ನಾಗಿತ್ತಲ್ಲ’ ಎನ್ನುತ್ತೇವೆ. ನಿನ್ನೆಯೂ ಚೆನ್ನಾಗಿರಲಿಲ್ಲ.

ಈ ರೋಗಕ್ಕೆ ಕಾಲುಬಾಯಿ ರೋಗಕ್ಕಿರುವಂತೆ ಊರಿಗೆಲ್ಲ ಹಾಕುವ ಲಸಿಕೆ ಇಲ್ಲ. ತಡೆಯುವ ಕೆಲಸ ಬಹುಪಾಲು ಹಾಲು ಕರೆಯುವವರ ಕೈಯಲ್ಲೇ ಇದೆ, ಅದೂ ಕರೆಯುವ ಮೊದಲಿನ ಐದು ನಿಮಿಷ ಮತ್ತು ಕರೆದ ನಂತರದ ಅರ್ಧ ಗಂಟೆಯಲ್ಲಿ.

ಸೋಂಕು ಒಳಗೆ ಹೋಗುವ ದಾರಿ

ರೋಗಾಣು ಕೆಚ್ಚಲಿಗೆ ಹೋಗುವುದು ಹೆಚ್ಚುಕಮ್ಮಿ ಯಾವಾಗಲೂ ಮೊಲೆತೊಟ್ಟಿನ ತುದಿಯ ರಂಧ್ರದಿಂದ. ಹಾಲು ಕರೆಯುವಾಗ ಈ ರಂಧ್ರ ಸಡಿಲಗೊಳ್ಳುತ್ತದೆ. ಕರೆದ ಮೇಲೆ ಮತ್ತೆ ಬಿಗಿಯಾಗಲು ಕನಿಷ್ಠ ಅರ್ಧ ಗಂಟೆ ಬೇಕು. ಅಷ್ಟರೊಳಗೆ ಹಸು ಸಗಣಿ ಗಂಜಲದ ಮೇಲೆ ಮಲಗಿದರೆ ತೆರೆದ ಬಾಗಿಲನ್ನು ಕೊಳಕಿಗೆ ಒತ್ತಿ ಹಿಡಿದಂತೆ.

ರೋಗಾಣುಗಳಲ್ಲಿ ಎರಡು ಗುಂಪು. ಸ್ಟ್ಯಾಫಿಲೋಕಾಕಸ್ ಆರಿಯಸ್, ಸ್ಟ್ರೆಪ್ಟೋಕಾಕಸ್ ಅಗಲಾಕ್ಟಿಯೆ ಇವು ಸೋಂಕಿನ ಕೆಚ್ಚಲಿನಲ್ಲೇ ಬೀಡುಬಿಟ್ಟಿದ್ದು, ಕರೆಯುವವರ ಕೈ, ಒರೆಸುವ ಬಟ್ಟೆ, ಯಂತ್ರದ ರಬ್ಬರ್ ಮೂಲಕ ಒಂದು ಹಸುವಿನಿಂದ ಇನ್ನೊಂದಕ್ಕೆ ದಾಟುತ್ತವೆ. ಇ. ಕೋಲಿ, ಕ್ಲೆಬ್ಸಿಯೆಲ್ಲಾ ಥರದವು ಸಗಣಿ, ಒದ್ದೆ ನೆಲ, ಕೊಳೆತ ಹಾಸುಹುಲ್ಲಿನಲ್ಲಿರುತ್ತವೆ. ಮೊದಲ ಗುಂಪನ್ನು ತಡೆಯುವುದು ಕರೆಯುವ ಶಿಸ್ತು, ಎರಡನೆಯದನ್ನು ತಡೆಯುವುದು ಒಣಗಿದ ಕೊಟ್ಟಿಗೆ. ಕೊಟ್ಟಿಗೆ ಫಳಫಳ ಹೊಳೆಯುತ್ತಿದ್ದರೂ ಬಾವು ನಿಲ್ಲುತ್ತಿಲ್ಲ ಎನ್ನುವವರ ಮನೆಯಲ್ಲಿ ಎಲ್ಲ ಹಸುಗಳಿಗೂ ಒಂದೇ ಬಟ್ಟೆ ಬಳಸುತ್ತಿದ್ದಾರೆಯೇ ಎಂದು ಮೊದಲು ನೋಡಬೇಕು.

ಕಾಣದ ಬಾವನ್ನು ಮನೆಯಲ್ಲೇ ಪತ್ತೆಮಾಡುವುದು

ದಿನಾ ಎರಡು ಹೊತ್ತೂ ಮಾಡಬೇಕಾದ ಪರೀಕ್ಷೆ ಒಂದಿದೆ. ಕಪ್ಪು ಬಣ್ಣದ ಬಟ್ಟಲು ಅಥವಾ ಬಾಯಿಗೆ ಕಪ್ಪು ಬಟ್ಟೆ ಬಿಗಿದ ಲೋಟ ತೆಗೆದುಕೊಂಡು, ಪ್ರತಿ ಮೊಲೆಯಿಂದ ಮೊದಲ ಮೂರು ನಾಲ್ಕು ಧಾರೆ ಅದರೊಳಗೆ ಹಿಂಡಿ. ಕಪ್ಪಿನ ಮೇಲೆ ಸಣ್ಣ ಗರಣೆ, ನೂಲಿನಂಥ ಎಳೆ, ನೀರುನೀರಾದ ಹಾಲು ತಕ್ಷಣ ಕಾಣುತ್ತದೆ. ಈ ಮೊದಲ ಧಾರೆಗಳಲ್ಲೇ ರೋಗಾಣು ಹೆಚ್ಚಿರುವುದರಿಂದ ಅವು ಹೇಗೂ ಕ್ಯಾನಿಗೆ ಹೋಗಬಾರದು. ಹಲವರು ಅದನ್ನು ನೆಲಕ್ಕೆ ಹಿಂಡುತ್ತಾರೆ, ಕೆಲವರು ಅಂಗೈಗೆ ಹಿಂಡಿ ನೋಡುತ್ತಾರೆ. ಎರಡೂ ಬೇಡ. ನೆಲಕ್ಕೆ ಹಿಂಡಿದರೆ ಹಸು ಅದರ ಮೇಲೇ ಮಲಗುತ್ತದೆ, ಅಂಗೈಗೆ ಹಿಂಡಿದರೆ ಮುಂದಿನ ಮೊಲೆಗೆ ನೀವೇ ಹಚ್ಚಿದಂತಾಗುತ್ತದೆ.

ಗರಣೆ ಬರುವ ಮೊದಲೇ ಸೋಂಕು ಹಿಡಿಯಬೇಕಾದರೆ ಸೋಪಿನಪುಡಿ ಪರೀಕ್ಷೆ ಮಾಡಿ. ಒಂದು ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿಟ್ಟುಕೊಳ್ಳಿ. ನಾಲ್ಕು ಚಿಕ್ಕ ಬಟ್ಟಲುಗಳನ್ನು ನಾಲ್ಕು ಮೊಲೆಗಳ ಲೆಕ್ಕದಲ್ಲಿ ಜೋಡಿಸಿ. ಮೊದಲ ಧಾರೆಗಳನ್ನು ತೆಗೆದ ಮೇಲೆ ಪ್ರತಿ ಮೊಲೆಯಿಂದ ಒಂದು ಚಮಚದಷ್ಟು ಹಾಲು ಅದರದರ ಬಟ್ಟಲಿಗೆ ಹಿಂಡಿ, ಅಷ್ಟೇ ಪ್ರಮಾಣದ ಸೋಪಿನ ನೀರು ಸೇರಿಸಿ, ಬಟ್ಟಲನ್ನು ಮೆಲ್ಲಗೆ ಸುತ್ತಿಸುತ್ತಾ ಹತ್ತು ಸೆಕೆಂಡು ಅಲ್ಲಾಡಿಸಿ. ಆರೋಗ್ಯದ ಹಾಲು ನೀರಿನಂತೆಯೇ ಓಡಾಡುತ್ತದೆ. ಸೋಂಕಿನ ಹಾಲು ಮೊದಲು ಲೋಳೆಯ ಎಳೆಯಾಗುತ್ತದೆ. ಸೋಂಕು ಜಾಸ್ತಿಯಿದ್ದರೆ ಮೊಟ್ಟೆಯ ಬಿಳಿಯಂತೆ ಗಟ್ಟಿ ಲೋಳೆಯಾಗಿ ಬಟ್ಟಲಿನ ನಡುವೆ ಕೂಡಿಕೊಳ್ಳುತ್ತದೆ. ಸೋಂಕಿನ ಜತೆ ಹೋರಾಡಲು ಬಂದ ಬಿಳಿ ರಕ್ತಕಣಗಳನ್ನು ಸೋಪು ಒಡೆದಾಗ ಒಳಗಿನ ಡಿಎನ್‌ಎ ಹೊರಬಂದು ಹೀಗೆ ಗಟ್ಟಿಯಾಗುತ್ತದೆ. ಪಶುವೈದ್ಯರು ಬಳಸುವ ಸಿಎಂಟಿ ಪರೀಕ್ಷೆಯ ತತ್ವವೂ ಇದೇ. ಪ್ರಯೋಗಾಲಯದ ಲೆಕ್ಕದಲ್ಲಿ ಒಂದು ಮಿಲಿ ಲೀಟರ್ ಹಾಲಿನಲ್ಲಿ ಇಂಥ ಕಣಗಳು 2 ಲಕ್ಷ ದಾಟಿದರೆ ಆ ಮೊಲೆಯಲ್ಲಿ ಸೋಂಕಿದೆ ಎಂದು ತಿಳಿಯುತ್ತಾರೆ.

ಲೋಳೆ ಎಷ್ಟು ಗಟ್ಟಿ ಎನ್ನುವುದಕ್ಕಿಂತ ನಾಲ್ಕು ಬಟ್ಟಲುಗಳಲ್ಲಿ ಯಾವುದು ಬೇರೆಯಾಗಿದೆ ಎಂದು ನೋಡಿ. ಈದ ಮೊದಲ ವಾರದಲ್ಲಿ ಮತ್ತು ಬತ್ತುವ ಹಂತದಲ್ಲಿ ನಾಲ್ಕೂ ಮೊಲೆಯ ಹಾಲು ಸ್ವಲ್ಪ ಲೋಳೆಯಾಗುವುದು ಸಹಜ, ಆಗ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಉಳಿದ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಮಾಡಿ, ಯಾವ ಹಸು, ಯಾವ ಮೊಲೆ ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಹಸು ಕೊಳ್ಳುವಾಗಲೂ ಈ ಪುಡಿ ಜೇಬಿನಲ್ಲಿರಲಿ. ಮಾರುವವರು ಬೇಡ ಎನ್ನುವುದಾದರೆ ಆ ಹಸು ಬಿಟ್ಟು ಮುಂದಕ್ಕೆ ಹೋಗುವುದೇ ಒಳ್ಳೆಯದು. ಕರೆದು ಮುಗಿದ ಖಾಲಿ ಕೆಚ್ಚಲನ್ನು ಕೈಯಲ್ಲಿ ಒತ್ತಿ ನೋಡುವುದನ್ನೂ ಮರೆಯಬೇಡಿ. ತುಂಬಿದ ಕೆಚ್ಚಲಿನಲ್ಲಿ ಗೊತ್ತಾಗದ ಗಂಟು ಖಾಲಿ ಕೆಚ್ಚಲಿನಲ್ಲಿ ಕೈಗೆ ಸಿಗುತ್ತದೆ.

ಕರೆಯುವ ಕ್ರಮ

ಮೊದಲು ಸರತಿ. ಮೊದಲ ಸೂಲಿನ ಹಸುಗಳು ಮೊದಲು, ಆಮೇಲೆ ಆರೋಗ್ಯವಾಗಿರುವ ಹಳೆಯ ಹಸುಗಳು, ಸೋಂಕಿರುವ ಹಸು ಕಟ್ಟಕಡೆಗೆ. ಅದರಲ್ಲೂ ಕೆಟ್ಟ ಮೊಲೆಯನ್ನು ಕೊನೆಯಲ್ಲಿ ಬೇರೆ ಪಾತ್ರೆಗೆ ಕರೆಯಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೂ ಬಾಗಿಲ ಹತ್ತಿರ ಕಟ್ಟಿದ ಹಸುವಿನಿಂದಲೇ ಶುರುಮಾಡುವ ಅಭ್ಯಾಸ ಬಿಡಿಸುವುದು ಕಷ್ಟ. ಹಸು ಕಟ್ಟುವ ಜಾಗವನ್ನೇ ಈ ಸರತಿಗೆ ತಕ್ಕಂತೆ ಬದಲಿಸಿಬಿಟ್ಟರೆ ನೆನಪಿಟ್ಟುಕೊಳ್ಳುವ ತಾಪತ್ರಯವಿಲ್ಲ.

ಉಗುರು ಕತ್ತರಿಸಿರಬೇಕು. ಕೈಯನ್ನು ಸೋಪಿನಿಂದ ತೊಳೆದು, ಒಂದು ಹಸು ಮುಗಿದು ಇನ್ನೊಂದಕ್ಕೆ ಹೋಗುವಾಗ ಮತ್ತೆ ತೊಳೆಯಬೇಕು. ಕೊಟ್ಟಿಗೆ ಗುಡಿಸುವುದು, ಒಣಹುಲ್ಲು ಕೊಡವಿ ಹಾಕುವುದು ಕರೆಯುವುದಕ್ಕೆ ಅರ್ಧ ಗಂಟೆ ಮೊದಲೇ ಮುಗಿದಿರಲಿ. ಇಲ್ಲದಿದ್ದರೆ ಎದ್ದ ಧೂಳು ಮೊಲೆಯ ಮೇಲೂ ಹಾಲಿನಲ್ಲೂ ಕೂರುತ್ತದೆ.

ತೊಳೆಯುವುದರಲ್ಲಿ ಆಗುವ ತಪ್ಪು ದೊಡ್ಡದು. ಬಕೆಟ್ ನೀರನ್ನು ಕೆಚ್ಚಲಿಗೆಲ್ಲ ಎರಚಿ, ಒರೆಸದೆ ಕರೆಯಲು ಕೂರುತ್ತೇವೆ. ಕೆಚ್ಚಲಿನ ಮೇಲ್ಭಾಗದ ಕೊಳೆಯೆಲ್ಲ ನೀರಿನೊಂದಿಗೆ ಇಳಿದು ಮೊಲೆಯ ತುದಿಯಲ್ಲಿ ಹನಿಯಾಗಿ ನಿಲ್ಲುತ್ತದೆ. ತೊಳೆಯದೇ ಇರುವುದಕ್ಕಿಂತ ಇದು ಕೆಟ್ಟದ್ದು. ಮೊಲೆಗಳನ್ನು ಮಾತ್ರ, ಕಡಿಮೆ ನೀರಿನಲ್ಲಿ ತೊಳೆಯಿರಿ. ನೀರಿಗೆ ತಿಳಿ ಗುಲಾಬಿ ಬಣ್ಣ ಬರುವಷ್ಟು ಪೊಟ್ಯಾಷಿಯಂ ಪರ್ಮಾಂಗನೇಟ್ ಹಾಕಬಹುದು. ಗಾಢ ನೇರಳೆ ಬಣ್ಣಕ್ಕೆ ಹೋದರೆ ಚರ್ಮ ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ರೋಗಾಣು ನೆಲೆಸುತ್ತದೆ. ಆಮೇಲೆ ಪ್ರತಿ ಹಸುವಿಗೂ ಬೇರೆ ಬೇರೆ ಬಟ್ಟೆಯಲ್ಲಿ, ಮೊಲೆಯ ತುದಿಯನ್ನೂ ಸೇರಿಸಿ, ಪೂರ್ತಿ ಒಣಗುವಂತೆ ಒರೆಸಿ. ಹಳೆಯ ಹತ್ತಿ ಪಂಚೆಯನ್ನು ಹರಿದು ತುಂಡುಮಾಡಿಕೊಂಡರೆ ಸಾಕು. ಬಳಸಿದ ತುಂಡುಗಳನ್ನು ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹಾಕಿ.

ಮೊಲೆ ಮುಟ್ಟಿ ತೊಳೆಯುತ್ತಿದ್ದಂತೆ ಹಸು ಸೊರೆ ಬಿಡಲು ಶುರುಮಾಡುತ್ತದೆ. ಅದಕ್ಕೆ ಕಾರಣವಾದ ಆಕ್ಸಿಟೋಸಿನ್ ಹಾರ್ಮೋನಿನ ಪ್ರಭಾವ ಇರುವುದು ಐದಾರು ನಿಮಿಷ ಮಾತ್ರ. ಆದ್ದರಿಂದ ತೊಳೆದ ಒಂದು ನಿಮಿಷದೊಳಗೆ ಕೂತು, ಐದರಿಂದ ಏಳು ನಿಮಿಷದಲ್ಲಿ ಕರೆದು ಮುಗಿಸಬೇಕು. ಮೂರು ಹಸುಗಳ ಮೊಲೆಯನ್ನು ಒಟ್ಟಿಗೆ ತೊಳೆದಿಟ್ಟು ಒಂದೊಂದಾಗಿ ಕರೆಯುತ್ತಾ ಹೋದರೆ ಮೂರನೆಯದರ ಕೆಚ್ಚಲಿನಲ್ಲಿ ಹಾಲು ಉಳಿದುಬಿಡುತ್ತದೆ. ಉಳಿದ ಹಾಲು ರೋಗಾಣುವಿಗೆ ಆಹಾರ.

ಅಂಗೈ ತುಂಬ ಮೊಲೆ ಹಿಡಿದು, ಹೆಬ್ಬೆರಳು ತೋರುಬೆರಳಿನಿಂದ ಮೇಲೆ ಮುಚ್ಚಿ, ಉಳಿದ ಬೆರಳುಗಳನ್ನು ಒಂದಾದ ಮೇಲೊಂದು ಒತ್ತುತ್ತಾ ಕರೆಯಿರಿ. ಹೆಬ್ಬೆರಳು ಮಡಚಿ ಅದರ ಗೆಣ್ಣಿನಿಂದ ಒತ್ತಿ ಎಳೆಯುವುದು ಬಹಳ ಕಡೆ ರೂಢಿ. ಇದರಿಂದ ಮೊಲೆಯ ಒಳಪದರ ಗಾಯಗೊಂಡು ನಾಳ ಕಟ್ಟಿಕೊಳ್ಳುತ್ತದೆ. ಕೈ ಜಾರಲೆಂದು ಬೆರಳನ್ನು ಹಾಲಿನಲ್ಲಿ ಅದ್ದಿಕೊಳ್ಳುವುದನ್ನು ಪೂರ್ತಿ ನಿಲ್ಲಿಸಬೇಕು. ಎಲ್ಲರೂ ಕೈಹಾಕುವ ಎಣ್ಣೆ ಬಟ್ಟಲೂ ಅಷ್ಟೇ ಅಪಾಯ. ಒಣ ಕೈಯಲ್ಲಿ ಕರೆಯುವುದು ಒಂದು ವಾರದಲ್ಲಿ ರೂಢಿಯಾಗುತ್ತದೆ.

ಕರೆದ ಮೇಲೆ ಅದ್ದುವುದು

ಇಡೀ ಕ್ರಮದಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯವಿದೆ ಎನ್ನುವವರು ಇದನ್ನು ಮಾಡಿ. ಕೊನೆಯ ಧಾರೆ ಮುಗಿದ ಕೂಡಲೇ ಪ್ರತಿ ಮೊಲೆಯನ್ನೂ ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಪೊವಿಡೋನ್ ಅಯೋಡಿನ್ 5% ದ್ರಾವಣ 90 ಮಿಲಿಗೆ ಗ್ಲಿಸರಿನ್ 10 ಮಿಲಿ ಸೇರಿಸಿದರೆ ದ್ರಾವಣ ಸಿದ್ಧ. 10% ದ್ರಾವಣ ಸಿಕ್ಕಿದರೆ ಕುದಿಸಿ ಆರಿಸಿದ ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ 5% ಮಾಡಿಕೊಳ್ಳಿ. ಬಾಟಲಿಯ ಮೇಲೆ ‘ಸ್ಕ್ರಬ್’ ಎಂದಿದ್ದರೆ ಬೇಡ, ಅದರಲ್ಲಿ ಸೋಪಿನಂಶ ಇರುತ್ತದೆ. ಗ್ಲಿಸರಿನ್ ಉಳಿತಾಯ ಮಾಡಲು ಹೋಗಬೇಡಿ, ಅದಿಲ್ಲದಿದ್ದರೆ ಚಳಿಗಾಲದಲ್ಲಿ ಮೊಲೆ ಒಡೆಯುತ್ತದೆ.

ಚಿಕ್ಕ ಬಟ್ಟಲಿನಲ್ಲಿ ದ್ರಾವಣ ಹಾಕಿ, ಮೊಲೆಯ ಮುಕ್ಕಾಲು ಭಾಗ ಮುಳುಗಿಸಿ ತೆಗೆಯಿರಿ. ತುದಿಯಲ್ಲಿ ಕಂದು ಹನಿಯೊಂದು ನಿಂತರೆ ಸರಿಯಾಗಿ ತಗಲಿದೆ ಎಂದರ್ಥ. ಸ್ಪ್ರೇ ಮಾಡುವವರು ಸಾಮಾನ್ಯವಾಗಿ ತಮ್ಮ ಕಡೆಗಿರುವ ಪಕ್ಕಕ್ಕೆ ಮಾತ್ರ ಹೊಡೆಯುತ್ತಾರೆ, ಆಚೆ ಪಕ್ಕ ಒಣಗಿಯೇ ಇರುತ್ತದೆ. ಬಟ್ಟಲಿಗೆ ಸಗಣಿ ಬಿದ್ದರೆ ಆ ದ್ರಾವಣ ಚೆಲ್ಲಿ ಹೊಸದು ಹಾಕಿ, ಉಳಿದದ್ದನ್ನು ಬಾಟಲಿಗೆ ವಾಪಸ್ ಸುರಿಯಬೇಡಿ. ಕರು ಕುಡಿಯಲು ಬಿಡುವ ಮನೆಗಳಲ್ಲಿ ಕರು ಕುಡಿದಾದ ಮೇಲೆ ಅದ್ದಬೇಕು. ಮುಂದಿನ ಹೊತ್ತು ಕರೆಯುವ ಮೊದಲು ಹೇಗೂ ತೊಳೆದು ಒರೆಸುವುದರಿಂದ ಹಾಲಿಗೆ ಅಯೋಡಿನ್ ಸೇರುವ ಭಯವಿಲ್ಲ.

ಅದ್ದಿದ ತಕ್ಷಣ ಹಸಿಮೇವು ಹಾಕಿ. ತಿನ್ನುತ್ತಾ ಹಸು ಅರ್ಧ ಗಂಟೆಯಾದರೂ ನಿಂತಿರುತ್ತದೆ, ಅಷ್ಟರಲ್ಲಿ ರಂಧ್ರ ಬಿಗಿಯಾಗುತ್ತದೆ. ಕರೆಯುವಾಗ ಹಿಂಡಿ, ಕರೆದ ಮೇಲೆ ಹುಲ್ಲು ಎಂದು ಹಂಚಿಕೊಂಡರೆ ಸರಿಹೋಗುತ್ತದೆ.

ಯಂತ್ರದಲ್ಲಿ ಕರೆಯುವವರಿಗೂ ಮೇಲಿನದೆಲ್ಲ ಅನ್ವಯ. ಅದರ ಜತೆಗೆ, ಹಾಲು ನಿಂತ ಮೇಲೂ ಯಂತ್ರ ಬಿಟ್ಟಿರಬೇಡಿ, ಮೊಲೆಯ ತುದಿ ಗಡುಸಾಗಿ ಹೊರಮಗುಚಿಕೊಳ್ಳುತ್ತದೆ. ತೆಗೆಯುವಾಗ ವ್ಯಾಕ್ಯೂಮ್ ನಿಲ್ಲಿಸಿ ತೆಗೆಯಿರಿ, ಎಳೆದು ಕೀಳಬೇಡಿ. ಒಳಗಿನ ರಬ್ಬರ್ ಲೈನರನ್ನು ಸುಮಾರು 2500 ಸಲ ಕರೆದ ಮೇಲೆ ಬದಲಿಸಬೇಕು. ಐದು ಹಸುಗಳನ್ನು ಎರಡು ಹೊತ್ತು ಕರೆದರೆ ಅದು ಎಂಟು ತಿಂಗಳಿಗೆ ಮುಟ್ಟುತ್ತದೆ, ಆದರೆ ರಬ್ಬರು ಅಷ್ಟು ದಿನ ತಾಳುವುದಿಲ್ಲವಾದ್ದರಿಂದ ಆರು ತಿಂಗಳಿಗೇ ಬದಲಿಸುವುದು ಕ್ಷೇಮ.

ಕೊಟ್ಟಿಗೆಯ ವಿಷಯದಲ್ಲಿ ಬೇಕಾದದ್ದು ಒಂದೇ, ಹಸು ಮಲಗುವ ಜಾಗ ಒಣಗಿರಬೇಕು. ಗಂಜಲ ನಿಲ್ಲದಂತೆ ಪ್ರತಿ ನಾಲ್ಕು ಅಡಿಗೆ ಒಂದಿಂಚು ಇಳಿಜಾರು ಕೊಡಿ. ರಬ್ಬರ್ ಮ್ಯಾಟ್ ಹಾಸಿದವರು ವಾರಕ್ಕೊಮ್ಮೆಯಾದರೂ ಎತ್ತಿ ಅಡಿಯಲ್ಲಿ ತೊಳೆದು ಒಣಗಿಸಿ. ಮೇಲೆ ಎಷ್ಟೇ ಶುದ್ಧವಾಗಿ ಕಂಡರೂ ಅಡಿಯಲ್ಲಿ ಕೊಳೆತ ಗಂಜಲ ನಿಂತಿರುತ್ತದೆ.

ಬತ್ತಿಸುವ ಹೊತ್ತು

ಹಾಲು ನಿಲ್ಲಿಸಿದ ಮೊದಲ ಎರಡು ವಾರ ಮತ್ತು ಈಯುವ ಆಸುಪಾಸಿನ ಎರಡು ವಾರ ಹೊಸ ಸೋಂಕು ತಗಲುವ ಅಪಾಯ ತುಂಬಾ ಹೆಚ್ಚು. ಈದ ಎರಡನೇ ದಿನ ಕಾಣಿಸಿಕೊಳ್ಳುವ ಬಾವು ಎಷ್ಟೋ ಸಲ ಬತ್ತಿಸುವಾಗ ಒಳಸೇರಿದ್ದು.

ಹಸುವಿನ ಗಬ್ಬದ ಅವಧಿ ಸುಮಾರು 280 ದಿನ, ಅದರಲ್ಲಿ ಕೊನೆಯ 60 ದಿನ ಕೆಚ್ಚಲಿಗೆ ವಿಶ್ರಾಂತಿ ಬೇಕು. ಜನವರಿ 1ಕ್ಕೆ ಗರ್ಭಧಾರಣೆ ಮಾಡಿಸಿದ್ದರೆ ಅಕ್ಟೋಬರ್ ಎರಡನೇ ವಾರದಲ್ಲಿ ಈಯುತ್ತದೆ, ಆಗಸ್ಟ್ ಎರಡನೇ ವಾರಕ್ಕೆ ಹಾಲು ನಿಲ್ಲಿಸಬೇಕು. ಇನ್ನೂ ನಾಲ್ಕು ಲೀಟರ್ ಕೊಡುತ್ತಿದೆಯಲ್ಲ ಎಂಬ ಆಸೆಗೆ ಮುಂದೂಡಿದರೆ ಮುಂದಿನ ಸೂಲಿನ ಹಾಲು ಕಡಿಮೆಯಾಗುತ್ತದೆ.

ನಿಲ್ಲಿಸುವುದಕ್ಕೆ ಒಂದು ವಾರ ಮೊದಲು ಹಿಂಡಿ ಕಡಿಮೆ ಮಾಡುತ್ತಾ ಬನ್ನಿ, ಹಾಲು ತಾನಾಗಿ ಇಳಿಯುತ್ತದೆ. ಕುಡಿಯುವ ನೀರು ಮಾತ್ರ ಎಂದೂ ಕಡಿಮೆ ಮಾಡಬೇಡಿ. ನಿಗದಿಯಾದ ದಿನ ಪೂರ್ತಿ ಕರೆದು, ಅಲ್ಲಿಗೆ ನಿಲ್ಲಿಸಿಬಿಡಿ. ದಿನ ಬಿಟ್ಟು ದಿನ, ಎರಡು ದಿನಕ್ಕೊಮ್ಮೆ ಎಂದು ಎಳೆಯುತ್ತಾ ಹೋದರೆ ಪ್ರತಿ ಸಲವೂ ರಂಧ್ರ ತೆರೆದು ಸೋಂಕಿಗೆ ಅವಕಾಶವಾಗುತ್ತದೆ. ಆ ಕೊನೆಯ ಕರೆತದ ನಂತರ ನಾಲ್ಕೂ ಮೊಲೆಗಳಿಗೆ ಬತ್ತಿಸುವ ಹಸುವಿಗೆಂದೇ ತಯಾರಾದ ಟ್ಯೂಬು ಹಾಕಿಸಬೇಕೇ ಎಂದು ಪಶುವೈದ್ಯರನ್ನು ಕೇಳಿ. ಹಿಂದೆ ಬಾವು ಬಂದಿದ್ದ ಹಸುವಿಗೆ ಸಾಮಾನ್ಯವಾಗಿ ಬೇಕಾಗುತ್ತದೆ. ಈ ಟ್ಯೂಬಿನ ಔಷಧ ವಾರಗಟ್ಟಲೆ ಕೆಚ್ಚಲಿನಲ್ಲಿ ಉಳಿಯುವಂಥದ್ದು, ಹಾಲು ಕೊಡುತ್ತಿರುವ ಹಸುವಿಗೆ ಇದನ್ನು ಹಾಕಲೇಬಾರದು.

ನಿಲ್ಲಿಸಿದ ಎರಡು ಮೂರು ದಿನ ಕೆಚ್ಚಲು ಬಿಗಿದುಕೊಂಡು ಹೆದರಿಸುತ್ತದೆ. ಕರೆದು ಹಗುರ ಮಾಡೋಣ ಎನ್ನಿಸಿದರೂ ಮುಟ್ಟಬೇಡಿ, ಹಾಲು ಒಳಗೇ ಹೀರಿಕೊಂಡು ಕೆಚ್ಚಲು ಸಡಿಲವಾಗುತ್ತದೆ. ಒಂದು ಮೊಲೆಯ ಭಾಗ ಮಾತ್ರ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುವಂತಿದ್ದರೆ ವೈದ್ಯರನ್ನು ಕರೆಯಿರಿ. ಮೊದಲ ಹತ್ತು ದಿನ ಮತ್ತು ಈಯುವ ಮೊದಲಿನ ಹತ್ತು ದಿನ, ದಿನಕ್ಕೊಮ್ಮೆ ಮೊಲೆಗಳನ್ನು ಅಯೋಡಿನ್‌ನಲ್ಲಿ ಅದ್ದಿ.

ಬಾವು ಬಂದೇಬಿಟ್ಟರೆ

ಮೊದಲು ಥರ್ಮಾಮೀಟರ್ ಇಡಿ. ಹಸುವಿನ ಮೈಬಿಸಿ ಸಾಮಾನ್ಯವಾಗಿ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಜ್ವರ 103.5 ದಾಟಿದ್ದು, ಮೇವು ಬಿಟ್ಟು, ಹಾಲು ಹಳದಿ ನೀರಿನಂತೆ ಬರುತ್ತಿದ್ದರೆ ಅದು ಇ. ಕೋಲಿ ಥರದ ತೀವ್ರ ಬಾವು ಆಗಿರಬಹುದು. ಕಿವಿ ತಣ್ಣಗಾಗಿ ಹಸು ಏಳಲಾರದೆ ಹೋದರೆ, ಮೊಲೆ ನೀಲಿಗಟ್ಟಿ ತಣ್ಣಗಾದರೆ ಇನ್ನೂ ತುರ್ತು. ಗಂಟೆಗಳಲ್ಲಿ ಜೀವ ಹೋಗಬಹುದು, ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು. ಪಶು ಆಸ್ಪತ್ರೆ ದೂರವಿದ್ದರೆ 1962ಕ್ಕೆ ಕರೆಮಾಡಿ ಸಂಚಾರಿ ಪಶು ಚಿಕಿತ್ಸಾಲಯ ಕೇಳಿ. ವೈದ್ಯರು ಬರುವ ತನಕ ಎರಡು ಮೂರು ಗಂಟೆಗೊಮ್ಮೆ ಕೆಟ್ಟ ಮೊಲೆಯ ಹಾಲನ್ನು ಬ್ಲೀಚಿಂಗ್ ಪುಡಿ ಹಾಕಿದ ಬಕೆಟ್ಟಿಗೆ ಕರೆದು ಗುಂಡಿಗೆ ಸುರಿಯಿರಿ. ಕರುವಿಗೆ ಆ ಹಾಲು ಕುಡಿಸಬೇಡಿ.

ಔಷಧಿ ಅಂಗಡಿಯಿಂದ ಆಂಟಿಬಯಾಟಿಕ್ ತಂದು ಒಂದು ಇಂಜೆಕ್ಷನ್ ಕೊಡಿಸಿ, ಗರಣೆ ನಿಂತಿತೆಂದು ಬಿಟ್ಟುಬಿಡುವುದರಿಂದಲೇ ಬಾವು ಮರುಕಳಿಸುತ್ತದೆ. ಸ್ಟ್ಯಾಫಿಲೋಕಾಕಸ್ ಕೆಚ್ಚಲಿನ ಆಳದಲ್ಲಿ ಅಡಗಿ ಕೂರುತ್ತದೆ, ಅರ್ಧ ಚಿಕಿತ್ಸೆ ಅದನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ವೈದ್ಯರು ಹೇಳಿದಷ್ಟೂ ದಿನ ಕೊಡಿಸಿ. ಎರಡನೇ ಸಲ ಅದೇ ಮೊಲೆಗೆ ಬಂದರೆ ಔಷಧ ಶುರುಮಾಡುವ ಮೊದಲೇ ಹಾಲನ್ನು ಪರೀಕ್ಷೆಗೆ ಕಳಿಸಲು ಕೇಳಿ. ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಧಾರೆಗಳನ್ನು ಬಿಟ್ಟು, ಕ್ರಿಮಿರಹಿತ ಬಾಟಲಿಯನ್ನು ಓರೆಯಾಗಿ ಹಿಡಿದು 5ರಿಂದ 10 ಮಿಲಿ ತೆಗೆದು, ಐಸ್ ಜತೆ ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ರೋಗಪತ್ತೆಯ ಪರೀಕ್ಷೆಗಳಿವೆ. ನಿಮಗೆ ಹತ್ತಿರದ ಪ್ರಯೋಗಾಲಯ ಯಾವುದೆಂದು ವೈದ್ಯರೇ ಹೇಳುತ್ತಾರೆ.

ಮೊಲೆಗೆ ಟ್ಯೂಬು ಹಾಕುವುದನ್ನು ಅನೇಕ ಸಲ ಮನೆಯವರೇ ಮುಂದುವರಿಸಬೇಕಾಗುತ್ತದೆ. ಪೂರ್ತಿ ಕರೆದು, ತೊಳೆದು, ಒರೆಸಿ. ಸ್ಪಿರಿಟ್ ಹಚ್ಚುವಾಗ ನಿಮ್ಮಿಂದ ದೂರದ ಮೊಲೆಗಳನ್ನು ಮೊದಲು, ಹತ್ತಿರದವನ್ನು ಆಮೇಲೆ ಒರೆಸಿ. ಟ್ಯೂಬು ಹಾಕುವಾಗ ಹತ್ತಿರದವು ಮೊದಲು, ದೂರದವು ಆಮೇಲೆ. ಹೀಗೆ ಮಾಡಿದರೆ ಶುದ್ಧಮಾಡಿದ ಮೊಲೆಗೆ ನಿಮ್ಮ ತೋಳು ತಾಗುವುದಿಲ್ಲ. ಟ್ಯೂಬಿನ ಮೂತಿಯನ್ನು ಮೂರು ನಾಲ್ಕು ಮಿಲಿಮೀಟರ್ ಒಳಗೆ ಹೋಗುವಷ್ಟೇ ಇಟ್ಟು ಒತ್ತಿ. ಪೂರ್ತಿ ತೂರಿಸಿದರೆ ಒಳಗಿನ ರಕ್ಷಣಾ ಪದರ ಹರಿಯುತ್ತದೆ. ಒಂದು ಟ್ಯೂಬು ಒಂದೇ ಮೊಲೆಗೆ. ಹಾಕಿದ ಮೇಲೆ ಮತ್ತೆ ಅಯೋಡಿನ್. ರಂಧ್ರ ಕಟ್ಟಿದೆಯೆಂದು ಬೇವಿನ ಕಡ್ಡಿ, ಪೊರಕೆ ಕಡ್ಡಿ ಚುಚ್ಚಿದ ಮೊಲೆಯನ್ನು ಉಳಿಸುವುದು ವೈದ್ಯರಿಗೂ ಕಷ್ಟ.

ಒಂದೇ ಮೊಲೆಗೆ ಔಷಧ ಹಾಕಿದ್ದರೂ ನಾಲ್ಕೂ ಮೊಲೆಯ ಹಾಲನ್ನು ಡೈರಿಗೆ ಹಾಕಬಾರದು, ಮನೆಯಲ್ಲೂ ಬಳಸಬಾರದು, ಏಕೆಂದರೆ ಔಷಧ ರಕ್ತದ ಮೂಲಕ ಉಳಿದ ಮೊಲೆಗಳಿಗೂ ತಲುಪುತ್ತದೆ. ಎಷ್ಟು ದಿನ ಎಂಬುದು ಟ್ಯೂಬಿನ ಪೊಟ್ಟಣದ ಮೇಲೆ ಬರೆದಿರುತ್ತದೆ, ಲೆಕ್ಕ ಶುರುವಾಗುವುದು ಕೊನೆಯ ಟ್ಯೂಬಿನಿಂದ.

ಜ್ವರವಿಲ್ಲದ, ಈಗಷ್ಟೇ ಶುರುವಾದ ಬಾವಿಗೆ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ) ಮತ್ತು ಬೆಂಗಳೂರಿನ ಟಿಡಿಯು ವಿಶ್ವವಿದ್ಯಾಲಯ ಪ್ರಚಾರಕ್ಕೆ ತಂದಿರುವ ಲೇಪವೊಂದಿದೆ. ಲೋಳೆಸರ 250 ಗ್ರಾಂ, ಅರಿಸಿನ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ರುಬ್ಬಬೇಕು, ಕೆಂಪಗಾಗುತ್ತದೆ. ಕೆಚ್ಚಲು ತೊಳೆದು ಹಾಲು ತೆಗೆದ ಮೇಲೆ ಒಂದು ಹಿಡಿ ಲೇಪಕ್ಕೆ 150ರಿಂದ 200 ಮಿಲಿ ನೀರು ಬೆರೆಸಿ ಕೆಚ್ಚಲಿಗೆಲ್ಲ ಸವರಬೇಕು, ದಿನಕ್ಕೆ ಎಂಟು ಹತ್ತು ಸಲ, ಐದು ದಿನ. ದಿನಾ ಹೊಸದಾಗಿ ರುಬ್ಬಿ. ಎರಡು ಸಲ ಸವರಿ ಗುಣ ಕಾಣಲಿಲ್ಲ ಎನ್ನುವವರು ಇದನ್ನು ಸರಿಯಾಗಿ ಮಾಡಿದಂತಲ್ಲ. ಎರಡು ದಿನದಲ್ಲಿ ಹಾಲು ಸುಧಾರಿಸದಿದ್ದರೆ ಅಥವಾ ಜ್ವರ ಬಂದರೆ ವೈದ್ಯರನ್ನು ಕರೆಯಲು ತಡಮಾಡಬೇಡಿ.

ಪೂರ್ತಿ ಚಿಕಿತ್ಸೆ ಕೊಟ್ಟು, ಬತ್ತಿಸುವಾಗಲೂ ಟ್ಯೂಬು ಹಾಕಿಸಿ, ಈದ ಮೇಲೆ ಮತ್ತೆ ಅದೇ ಮೊಲೆಗೆ ಬಂದಿದ್ದರೆ, ಕೈಗೆ ಗಟ್ಟಿ ಗಂಟು ಸಿಗುತ್ತಿದ್ದರೆ, ಆ ಮೊಲೆ ಉಳಿಯುವುದು ಅನುಮಾನ. ಕಾಯಂ ಬತ್ತಿಸುವುದು ವೈದ್ಯರ ಕೆಲಸ, ಮೂರು ಮೊಲೆಯಲ್ಲೂ ಹಸು ಲಾಭದಲ್ಲೇ ನಡೆಯಬಹುದು. ಆದರೆ ಎರಡು ಮೂರು ಮೊಲೆಗಳಲ್ಲಿ ಸೋಂಕು ಬೇರೂರಿದ ಹಸು ಕೊಟ್ಟಿಗೆಯ ಉಳಿದ ಹಸುಗಳಿಗೆ ದಿನಾ ರೋಗ ಹಂಚುತ್ತಿರುತ್ತದೆ. ಅದನ್ನು ಬೇರೆ ಜಾಗದಲ್ಲಿ ಕಟ್ಟಿ, ಕೊನೆಯಲ್ಲಿ ಕರೆದು, ಈ ಸೂಲು ಮುಗಿದ ಮೇಲೆ ಹಾಲಿನ ಲೆಕ್ಕದಿಂದ ಹೊರಗಿಡಿ.

ಹೊಸ ಕ್ರಮ ಶುರುಮಾಡಿದ ಮೊದಲ ತಿಂಗಳು ಸೋಪಿನಪುಡಿ ಪರೀಕ್ಷೆಯಲ್ಲಿ ದೊಡ್ಡ ಬದಲಾವಣೆ ಕಾಣದು. ಅದ್ದುವುದರಿಂದ ಹೊಸ ಸೋಂಕು ಕಡಿಮೆಯಾಗುತ್ತದೆ, ಹಳೆಯದು ವಾಸಿಯಾಗುವುದಿಲ್ಲ. ಕ್ಯಾಲೆಂಡರಿನಲ್ಲಿ ಗುರುತಾದ ಮೊಲೆಗಳು ಎರಡು ಮೂರು ತಿಂಗಳಲ್ಲಿ ಹೆಚ್ಚದೆ ನಿಂತಿದ್ದರೆ ಕ್ರಮ ಸರಿಯಾಗಿ ನಡೆಯುತ್ತಿದೆ. ಹೊಸ ಮೊಲೆಗಳು ಸೇರುತ್ತಲೇ ಇದ್ದರೆ ಒರೆಸುವ ಬಟ್ಟೆ, ಕರೆಯುವ ಸರತಿ ಮತ್ತು ಅದ್ದುವ ಬಟ್ಟಲು ಈ ಮೂರನ್ನು ಮತ್ತೊಮ್ಮೆ ಎದುರಿಗೆ ನಿಂತು ನೋಡಿ.